ಫೋನ್ ಒಮ್ಮೆ ಅಡ್ಡ ತಿರುಗಿಸಿ ನೋಡಿ

ಪ್ರಶ್ನೆ: ನನಗೆ 36 ವರ್ಷ. ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ನೋಡಿಕೊಳ್ಳುತ್ತೇನೆ, 11 ವರ್ಷವಾಯಿತು. ಎಂಟು ತಿಂಗಳಿಂದ ರಾತ್ರಿ ಕೂತು ವಿಡಿಯೊ ನೋಡಿ ಆ್ಯಪ್ ಮಾಡುವುದನ್ನು ಕಲಿಯುತ್ತಿದ್ದೇನೆ. ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ ಕಾಟ್ಲಿನ್ ಅರ್ಧ ಆಯಿತು, ಈಗ ಎಲ್ಲರೂ ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಫ್ಲಟರ್ ಕಲಿ ಅಂತಾರೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ, ಖಾಲಿ ಪರದೆ ಮುಂದೆ ಕೂತರೆ ಒಂದು ಸಾಲೂ ಬರಲ್ಲ. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಲೇ?

ಉತ್ತರ: ಬಿಡಬೇಡಿ. ಬಿಟ್ಟು ಕೈ ಸುಟ್ಟುಕೊಂಡವನ ಮಾತಿದು.

ನಾನೂ 34ರವರೆಗೆ ಲೆಕ್ಕ ಬರೆಯುತ್ತಿದ್ದವನೇ. ಆರು ತಿಂಗಳಿಗೆ ಸಾಕಾಗುವಷ್ಟು ಉಳಿತಾಯ ಇದೆ ಅಂತ ಧೈರ್ಯ ಮಾಡಿ ರಾಜೀನಾಮೆ ಕೊಟ್ಟೆ. ಮೂರನೇ ತಿಂಗಳಿಗೇ ಬೆಳಗ್ಗೆ ಎದ್ದ ಕೂಡಲೇ ಬ್ಯಾಂಕ್ ಬ್ಯಾಲೆನ್ಸ್ ನೋಡುವ ಚಟ ಹತ್ತಿತು. ಆ ದಿಗಿಲಿನಲ್ಲಿ ಓದಿದ್ದು ಒಂದೂ ತಲೆಗೆ ಹತ್ತಲಿಲ್ಲ. ಐದನೇ ತಿಂಗಳು ಮತ್ತೆ ಅರ್ಧ ದಿನದ ಲೆಕ್ಕದ ಕೆಲಸಕ್ಕೆ ಸೇರಿದೆ. ನಿಜವಾಗಿ ಕಲಿತದ್ದು ಆಮೇಲೆ.

ಕಲಿಸಿದ್ದು ವಿಡಿಯೊ ಅಲ್ಲ, ಒಬ್ಬ ಗೆಳೆಯ. ನಾನು ಮಾಡಿದ ಖರ್ಚಿನ ಲೆಕ್ಕದ ಆ್ಯಪ್ ಅವನ ಕೈಗೆ ಕೊಟ್ಟೆ. ಕೂತು ಹನ್ನೆರಡು ಸಾಲು ತುಂಬಿಸಿದ. ಅಕ್ಷರ ಸಣ್ಣದಾಯಿತು ಅಂತ ಫೋನ್ ಅಡ್ಡ ತಿರುಗಿಸಿದ. ಹನ್ನೆರಡೂ ಸಾಲು ಮಾಯ! ಅವನ ಮುಖ ಈಗಲೂ ಕಣ್ಣ ಮುಂದಿದೆ. ಫೋನ್ ತಿರುಗಿಸಿದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಪರದೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ, ಎತ್ತಿಡದ ಮಾಹಿತಿ ಅದರ ಜೊತೆಗೇ ಹೋಗುತ್ತದೆ. ಎರಡು ರಾತ್ರಿ ತಲೆ ಕೆರೆದುಕೊಂಡು ಎಲ್ಲವನ್ನೂ ಪರದೆ ಹೊಸದಾಗಿ ಕಟ್ಟಿದರೂ ಉಳಿಯುವ ವ್ಯೂಮಾಡೆಲ್‌ನಲ್ಲಿಟ್ಟೆ. ಗೆದ್ದೆ ಅಂದುಕೊಂಡೆ. ಅವನು ಬೇರೆ ಆ್ಯಪ್‌ಗಳನ್ನು ನೋಡಿ ವಾಪಸ್ ಬಂದ, ಮತ್ತೆ ಖಾಲಿ. ಮೆಮೊರಿ ಸಾಲದೆ ಸಿಸ್ಟಮ್ ನನ್ನ ಆ್ಯಪನ್ನೇ ಮುಚ್ಚಿತ್ತು. ಕೊನೆಗೆ ಪ್ರತಿ ಸಾಲನ್ನೂ ಬರೆದ ತಕ್ಷಣ ಡೇಟಾಬೇಸ್‌ಗೆ ಹಾಕುವುದನ್ನು ಕಲಿತೆ. ಲೆಕ್ಕದವನಾಗಿ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ನೀವು ಈಗ ವಿಡಿಯೊ ಮುಚ್ಚಿ. ಸ್ಟಾಕ್ ಎಣಿಸುವಾಗ ಕಿಸೆಯಲ್ಲಿ ಇಟ್ಟುಕೊಳ್ಳುವ ಚೀಟಿ ಇದೆಯಲ್ಲ, ಅದನ್ನೇ ಆ್ಯಪ್ ಮಾಡಿ. ಸಾಮಾನಿನ ಹೆಸರು, ಎಷ್ಟಿದೆ, ಸೇವ್. ಅಷ್ಟೇ. ಲಾಗಿನ್ ಬೇಡ, ಬಾರ್‌ಕೋಡ್ ಬೇಡ. ಒಡೆದ ಡಬ್ಬಿಯನ್ನು ಎಲ್ಲಿ ಬರೆಯುತ್ತೀರಿ, ಅರ್ಧ ತೆರೆದ ಪೆಟ್ಟಿಗೆಯನ್ನು ಹೇಗೆ ಎಣಿಸುತ್ತೀರಿ, ಇದೆಲ್ಲ ಯಾವ ಕೋರ್ಸಿನಲ್ಲೂ ಸಿಗಲ್ಲ. ನಿಮಗೆ ಗೊತ್ತು. ಆ್ಯಪ್ ಕ್ರ್ಯಾಶ್ ಆದರೆ ಅದರ ದೋಷಗಳನ್ನು ತೋರಿಸುವ ಲಾಗ್‌ಕ್ಯಾಟ್‌ನ ಕೆಂಪು ಸಾಲುಗಳಿಗೆ ಹೆದರಬೇಡಿ. ಅದರಲ್ಲಿ ನಿಮ್ಮ ಫೈಲಿನ ಹೆಸರಿರುವ ಮೊದಲ ಸಾಲು ಹುಡುಕಿ. ತಪ್ಪು ಹೆಚ್ಚಾಗಿ ಅಲ್ಲೇ ಆಸುಪಾಸಿನಲ್ಲಿ ಸಿಗುತ್ತದೆ.

ಕಾಟ್ಲಿನ್ನೋ ಫ್ಲಟರೋ? ಅರ್ಧ ಆಗಿರುವುದನ್ನು ಮುಗಿಸಿ. 2017ರಲ್ಲಿ ಗೂಗಲ್ ಆಂಡ್ರಾಯ್ಡ್‌ಗೆ ಕಾಟ್ಲಿನ್ ಒಪ್ಪಿತು, 2019ರಿಂದ ಅದಕ್ಕೇ ಮೊದಲ ಮಣೆ. ಐಫೋನ್‌ಗೂ ಬೇಕು ಅನ್ನಿಸಿದಾಗ ಫ್ಲಟರ್ ನೋಡೋಣ. ಆಗಲೂ ಐಫೋನ್ ಆ್ಯಪ್ ಕಟ್ಟಲು ಆ್ಯಪಲ್‌ನ ತಂತ್ರಾಂಶ ಎಕ್ಸ್‌ಕೋಡ್ ಬೇಕು, ಅದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ.

ಪ್ಲೇ ಸ್ಟೋರ್‌ಗೆ ಹಾಕಲು ಒಂದು ಸಲ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಇನ್ನೊಂದು ನಿಯಮವಿದೆ: ಕನಿಷ್ಠ 12 ಜನ ಎಡೆಬಿಡದೆ 14 ದಿನ ಪರೀಕ್ಷಕರಾಗಿ ಇರಬೇಕು. ಎಷ್ಟೋ ಜನ ಇಲ್ಲೇ ಒದ್ದಾಡುತ್ತಾರೆ, ಗುರುತಿಲ್ಲದವರನ್ನೆಲ್ಲ ಬೇಡುತ್ತಾರೆ. ನಿಮಗೆ ಆ ಹನ್ನೆರಡು ಜನ ಗೋದಾಮಿನಲ್ಲೇ ಇದ್ದಾರೆ. ಸುಮ್ನೆ ಹೊಗಳುವವರಿಗಿಂತ ಬೈಯುವವರನ್ನೇ ಜಾಸ್ತಿ ಆರಿಸಿ. ಬೈದದ್ದನ್ನು ಬರೆದಿಟ್ಟುಕೊಳ್ಳಿ.

15ನೇ ದಿನ ನೀವು ಹೇಳದೆಯೂ ಅವರಲ್ಲಿ ಒಬ್ಬರು ಚೀಟಿ ಬಿಟ್ಟು ಆ್ಯಪ್ ತೆರೆದರೆ ನನಗೆ ಮತ್ತೆ ಬರೆಯಿರಿ. ರಾಜೀನಾಮೆಯ ಮಾತು ಆಗ ಆಡೋಣ.