ಸಣ್ಣ ಕಾಕಾ ಎಲ್ಲಿ ಹೋದ?

ಗದಗಿನ ಅಕ್ಕಾರ, ಧಾರಾವಾಹಿ ಮನಿಯೊಳಗ ಹದಿನೈದು ಮಂದಿ ಇದ್ರೂ ಸಣ್ಣ ಕಾಕಾ ವಾರಗಟ್ಟಲೆ ಯಾಕ ಕಾಣಂಗಿಲ್ಲ, ಬಂದ್ರೂ ಗ್ವಾಡಿಗೆ ಆತು ಯಾಕ ನಿಂತಿರ್ತಾನ ಅಂತ ಕೇಳೀರಿ.

ಇದು ರೊಕ್ಕದ ಲೆಕ್ಕ ರೀ. ಅರ್ಧ ತಾಸಿನೊಳಗ ಜಾಹೀರಾತು ತಗದ್ರ ಕಥಿಗೆ ಉಳಿಯೂದು ಸುಮಾರು 20-22 ನಿಮಿಷ. ಪೋಷಕ ಕಲಾವಿದರಿಗೆ ಸಾಮಾನ್ಯವಾಗಿ ದಿನದ ಲೆಕ್ಕದಾಗ ಸಂಭಾವನೆ. ಕಾಕಾನ್ನ ಎರಡು ಮಾತಿಗೆ ಕರೆಸಿದ್ರೂ ಪೂರ್ತಿ ದಿನದ್ದು ಕೊಡಬೇಕು. ಅದಕ್ಕ ಅವನ ಸೀನೆಲ್ಲಾ ಒಟ್ಟಿಗೆ ಶೂಟಿಂಗ್ ಮಾಡಿ ಮುಗಸ್ತಾರ. ಅಂವಾ ಇನ್ನೊಂದು ಧಾರಾವಾಹಿಯೊಳಗ ಇದ್ರಂತೂ ಡೇಟಿನ ಜಗ್ಗಾಟ ಬ್ಯಾರೆ. ಮ್ಯಾಲ ಗುರುವಾರಕ್ಕೊಮ್ಮೆ ಬರೂ ಟಿಆರ್‌ಪಿ, ಅಂದ್ರ ಎಷ್ಟು ಮಂದಿ ನೋಡ್ಯಾರ ಅನ್ನೂ ಲೆಕ್ಕ; ಯಾವ ಜೋಡಿ ಓಡತೈತಿ ಕಥಿ ಆ ಕಡೆ ವಾಲತೈತಿ.

ಎಲ್ಲಾ ಪಾತ್ರಕ್ಕೂ ಸೀನು ಸಮ ಹಂಚಬೇಕು ಅನ್ನೂದು ನನಗ ಒಪ್ಪಿಗಿಲ್ಲ. ಆದ್ರ ಕಾಕಾ ಊಟಕ್ಕ ಕುಂತಾಗ ಅಂಗಿ ಕಿಸೆದಾಗಿಂದ ಹೊಲ ಅಡಾ ಇಟ್ಟ ಕಾಗದ ಬೀಳಲಿ, ಸೊಸಿ ಅಷ್ಟಾ ನೋಡಲಿ. ಮಾತಿಲ್ಲದ ಅರ್ಧ ನಿಮಿಷ ಸಾಕು. ಮುಂದ ಎರಡು ವಾರ ಅಂವಾ ಬರದಿದ್ರೂ ಮಂದಿ ದಾರಿ ಕಾಯ್ತಾರ. ಅದು ಬಿಟ್ಟು ಸೀಮಂತದ ಎಪಿಸೋಡಿನಾಗ ಎಲ್ಲಾರನೂ ಸಾಲಾಗಿ ನಿಲ್ಲಿಸಿ, ಮುಖಕ್ಕ ಮೂರು ಮೂರು ಸಲ ಝೂಮ್ ಮಾಡಿದ್ರ ಅದನ್ನ ಅವಕಾಶ ಕೊಟ್ಟಂಗ ಅಂತ ನಾನಂತೂ ಅನ್ನಂಗಿಲ್ಲ.