‘ಅಡ್ಡಿಲ್ಲೆ’ ಎಂದು ಕಳಿಸಿದ ಮೇಲೆ ಅದು ಕರಾರೇ

ಅಡಿಕೆ ಕೊಯ್ಲು ಶುರುವಾದರೆ ಸಾಕು, ಈ ಅಂಕಣಕ್ಕೆ ಒಂದೇ ತರದ ಪ್ರಶ್ನೆಗಳು ಬರುತ್ತವೆ. ಮೆಸೇಜಲ್ಲಿ ಮಾತಾಡಿಕೊಂಡದ್ದು ಕೋರ್ಟಲ್ಲಿ ನಿಲ್ಲುತ್ತಾ? ಪ್ರಶ್ನೆ ಕೇಳುವುದಕ್ಕೆ ಬೇಜಾರಿಲ್ಲ. ಆದರೆ ಯಾರೋ ಅರ್ಧ ತಿಳಿದವರ ಮಾತು ನಂಬಿ, ಕೈಲಿದ್ದ ದಾಖಲೆಯನ್ನೂ ಅಳಿಸಿ, ಆಮೇಲೆ ಬರುತ್ತಾರೆ. ಅದನ್ನು ನೋಡಿದರೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಉದ್ದಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ (ಸಿದ್ದಾಪುರದಿಂದ): ನಮ್ಮ ತೋಟದ ಹಸಿ ಅಡಿಕೆಯನ್ನು ಕ್ವಿಂಟಲ್‌ಗೆ 7,000 ರೂಪಾಯಿಯಂತೆ ಒಬ್ಬ ವ್ಯಾಪಾರಿಗೆ ಕೊಡುವ ಮಾತಾಗಿತ್ತು. ದರ, ಅಂದಾಜು 40 ಕ್ವಿಂಟಲ್, ಕೊಯ್ಲಿನ ವಾರ, ದುಡ್ಡು ಕೊಡುವ ದಿನ ಎಲ್ಲ ಬರೆದು ವಾಟ್ಸಾಪ್ ಮಾಡಿದೆ. ಅವರು ಹೆಬ್ಬೆರಳಿನ ಚಿತ್ರ ಹಾಕಿ ‘ಅಡ್ಡಿಲ್ಲೆ’ ಎಂದರು. ಈಗ ದರ ಇಳಿದಿದೆ. ‘ನಾನು ಎಲ್ಲೂ ಸಹಿ ಹಾಕಿಲ್ಲ’ ಅನ್ನುತ್ತಿದ್ದಾರೆ. ಸ್ಟಾಂಪ್ ಪೇಪರ್ ಇಲ್ಲದೆ ಏನೂ ಮಾಡೋಕಾಗಲ್ಲ ಎಂದು ಪರಿಚಯದವರು ಹೇಳಿದರು. ಹೌದಾ?

ಉತ್ತರ: ಅಲ್ಲ. ನಿಮ್ಮ ಪರಿಚಯದವರ ಮಾತು ತಪ್ಪು. ನಮ್ಮ ಕರಾರು ಕಾಯ್ದೆ 1872ರದ್ದು. ಆಗ ಫೋನೇ ಇರಲಿಲ್ಲ. ಆ ಕಾಯ್ದೆಯೂ ಎಲ್ಲ ಕರಾರು ಕಾಗದದಲ್ಲೇ ಇರಬೇಕು ಎನ್ನುವುದಿಲ್ಲ. ಇಬ್ಬರೂ ಒತ್ತಾಯವಿಲ್ಲದೆ ಒಪ್ಪಿರಬೇಕು, ಕೊಡುವುದು ತಗೊಳ್ಳುವುದು ಏನೆಂದು ಸ್ಪಷ್ಟ ಇರಬೇಕು, ಕೆಲಸ ಕಾನೂನಿಗೆ ವಿರುದ್ಧ ಇರಬಾರದು. ಸ್ಟಾಂಪ್ ಪೇಪರ್ ಸರಕಾರಕ್ಕೆ ಕಟ್ಟುವ ಸುಂಕದ ವಿಷಯ. ಕರಾರು ಹುಟ್ಟುವುದಕ್ಕೆ ಅದು ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ 10ಎ ಕಲಂ ಸೇರಿತು. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎನ್ನುವ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂದು ಅದು ಹೇಳುತ್ತದೆ. ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ಬಾಕ್ಸೈಟ್ ವ್ಯವಹಾರ 2010ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲೂ ಕೊನೆಯ ಕಾಗದಕ್ಕೆ ಸಹಿ ಬಿದ್ದಿರಲಿಲ್ಲ. ಇಮೇಲಲ್ಲಿ ಒಪ್ಪಿದ್ದೇ ಕರಾರು ಎಂದಿತು ಕೋರ್ಟು.

ಇನ್ನೊಂದು ಹೆದರಿಕೆಯನ್ನೂ ಬಿಡಿ. ತೋಟ ಮಾರುವುದು ಬೇರೆ, ಮರದ ಮೇಲಿನ ಫಸಲು ಮಾರುವುದು ಬೇರೆ. 1908ರ ನೋಂದಣಿ ಕಾಯ್ದೆ ಮರದಲ್ಲಿರುವ ಫಲವನ್ನು ಚರ ಆಸ್ತಿ ಎಂದೇ ಲೆಕ್ಕ ಹಿಡಿಯುತ್ತದೆ. ಅದರ ಮಾರಾಟಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತಬೇಕಾಗಿಲ್ಲ. ಆದರೆ ಮೆಸೇಜಲ್ಲಿ ‘ತೋಟ ಗೇಣಿಗೆ ಕೊಟ್ಟೆ’ ಎಂದು ಮಾತ್ರ ಬರೆಯಬೇಡಿ. ಸೈನಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನು ಗೇಣಿಗೆ ಕೊಡುವುದನ್ನು ನಮ್ಮ ಭೂಸುಧಾರಣೆ ಕಾಯ್ದೆ ಒಪ್ಪುವುದಿಲ್ಲ. ಫಸಲು ಮಾರಿದ್ದರೆ ‘ಈ ವರ್ಷದ ಫಸಲು’ ಎಂದೇ ಬರೆಯಿರಿ. ಈ ಒಂದು ಶಬ್ದದ ಮೇಲೆ ನಾನು ಇಷ್ಟು ಹಟ ಹಿಡಿಯುವುದು ಸುಮ್ನೆ ಅಲ್ಲ. ಗೇಣಿಯ ತಕರಾರಲ್ಲಿ ಮನೆಮನೆ ಒಡೆದದ್ದನ್ನು ನಮ್ಮ ಜಿಲ್ಲೆ ನೋಡಿದೆ.

ಈಗ ಹೆಬ್ಬೆರಳಿನ ವಿಷಯ. ಕೆನಡಾದಲ್ಲಿ ಇಂಥದ್ದೇ ಒಂದು ಪ್ರಕರಣ ಆಯಿತು. 2021ರಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ಅಗಸೆ ಖರೀದಿಯ ಕರಾರಿನ ಫೋಟೋವನ್ನು ರೈತರೊಬ್ಬರ ಫೋನಿಗೆ ಕಳಿಸಿ, ಖಚಿತಪಡಿಸಿ ಎಂದು ಕೇಳಿತು. ರೈತರು ಹೆಬ್ಬೆರಳು ಹಾಕಿದರು. ದರ ಏರಿದ ಮೇಲೆ ಅಗಸೆ ಬರಲಿಲ್ಲ. ‘ಕರಾರು ಕೈ ಸೇರಿತು ಎಂದಷ್ಟೇ ನಾನು ಹೇಳಿದ್ದು’ ಎಂಬುದು ಅವರ ವಾದ. 2023ರಲ್ಲಿ ಅಲ್ಲಿನ ಕೋರ್ಟು ಅದನ್ನು ಒಪ್ಪದೆ 82 ಸಾವಿರ ಡಾಲರಿಗೂ ಜಾಸ್ತಿ ಪರಿಹಾರ ಕೊಡಿಸಿತು. ಆ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದರೆ ಅದರ ಹಿಂದಿನ ಕಾರಣ ನಿಮಗೆ ಉಪಯೋಗಕ್ಕೆ ಬರುತ್ತದೆ. ಆ ಇಬ್ಬರ ನಡುವೆ ಹಿಂದೆಯೂ ಒಂದೆರಡು ಶಬ್ದದ ಉತ್ತರದ ಮೇಲೇ ಮಾಲು ಸಾಗಿತ್ತು. ಹೋದ ವರ್ಷವೂ ಇದೇ ವ್ಯಾಪಾರಿ ‘ಅಡ್ಡಿಲ್ಲೆ’ ಎಂದು, ಮಾಲು ಎತ್ತಿ, ದುಡ್ಡು ಹಾಕಿದ್ದರೆ ಆ ಹಳೆಯ ಮೆಸೇಜು, ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ತೆಗೆದಿಡಿ.

ನಮ್ಮ ಕಡೆಯವರಿಗೆ ‘ಅಡ್ಡಿಲ್ಲೆ’ ಎಂದರೆ ಏನೆಂದು ಬಿಡಿಸಿ ಹೇಳಬೇಕಾ? ಒಪ್ಪಿಗೆ. ದರ, ತೂಕ, ದಿನ ಬರೆದ ಮೆಸೇಜಿನ ಕೆಳಗೇ ಅದು ಬಂದಿದೆ. ಆದರೆ ಅವರು ‘ನೋಡನ’ ಎಂದಿದ್ದರೆ ನಿಮ್ಮ ಕೈಲಿ ಏನೂ ಇರುತ್ತಿರಲಿಲ್ಲ. ‘6,800 ಆದರೆ ಅಡ್ಡಿಲ್ಲೆ’ ಎಂದಿದ್ದರೂ ಅದು ಒಪ್ಪಿಗೆಯಲ್ಲ, ಅವರ ಕಡೆಯ ಹೊಸ ಪ್ರಸ್ತಾಪ. ಚೂರೂ ಬದಲಾಯಿಸದೆ ಒಪ್ಪಿದರೆ ಮಾತ್ರ ಒಪ್ಪಿಗೆ ಎನ್ನುವುದು ಅದೇ 1872ರ ಕಾಯ್ದೆಯ 7ನೇ ಕಲಂ.

ಹಾಗಾದರೆ ತೊಡಕು ಎಲ್ಲಿದೆ? ಪುರಾವೆಯಲ್ಲಿ. ಸ್ಕ್ರೀನ್‌ಶಾಟಿನ ಪ್ರಿಂಟ್ ಹಿಡಿದು ಬಂದರೆ ಎದುರಿನವರು ‘ಇದು ನಾನು ಕಳಿಸಿದ್ದಲ್ಲ’ ಎಂದುಬಿಡುತ್ತಾರೆ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಂ ಪ್ರಕಾರ ಪ್ರಿಂಟ್ ಅಥವಾ ಪ್ರತಿ ಹಾಜರು ಮಾಡಲು ಒಂದು ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ. ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಫೈಲಿನ ಬೆರಳಚ್ಚಿನ ಹಾಗಿರುವ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಇದಕ್ಕೆಲ್ಲ ಮೂಲ ಫೋನ್ ಇರಬೇಕಲ್ವಾ?

ಇಲ್ಲೇ ಜನ ಸೋಲುವುದು. ನನ್ನ ಹತ್ತಿರ ಬಂದ ಒಬ್ಬರು, ಫೋನ್ ನಿಧಾನ ಆಯ್ತೆಂದು ಒಂದು ಅಂಗಡಿಗೆ ಕೊಟ್ಟು, ಎಲ್ಲ ಅಳಿಸಿ ಹೊಸದು ಮಾಡಿಸಿಕೊಂಡು ಬಂದಿದ್ದರು. ಎರಡು ವರ್ಷದ ವ್ಯವಹಾರದ ಮಾತುಕತೆ ಅದರಲ್ಲಿತ್ತು. ಬ್ಯಾಕಪ್ ಇರಲಿಲ್ಲ. ನ್ಯಾಯ ಅವರ ಕಡೆಗಿತ್ತು, ತೋರಿಸಲು ಒಂದು ಸಾಲೂ ಇರಲಿಲ್ಲ. ಅವತ್ತಿನಿಂದ ಕಕ್ಷಿದಾರರಿಗೆ ನಾನು ಮೊದಲು ಹೇಳುವುದು ಇದನ್ನೇ: ಕೇಸು ಮುಗಿಯುವ ತನಕ ಫೋನ್ ಮಾರಬೇಡಿ, ಬದಲಾಯಿಸಬೇಡಿ, ತಾನಾಗಿ ಮೆಸೇಜ್ ಅಳಿಯುವ ಸೆಟ್ಟಿಂಗ್ ಇದ್ದರೆ ಈಗಲೇ ತೆಗೆಯಿರಿ. ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ, ಇರಲಿ.

ಮುಂದೇನು? ಹಸಿ ಅಡಿಕೆ ಜಗಳ ಮುಗಿಯುವ ತನಕ ಕಾಯುವುದಿಲ್ಲ. ಇಷ್ಟು ದಿನದೊಳಗೆ ಎತ್ತದಿದ್ದರೆ ಬೇರೆಯವರಿಗೆ ಮಾರುತ್ತೇನೆ, ನಷ್ಟ ನಿಮ್ಮಿಂದ ವಸೂಲು ಮಾಡುತ್ತೇನೆ ಎಂದು ಅದೇ ನಂಬರಿಗೆ ಬರೆಯಿರಿ, ಸ್ಪೀಡ್ ಪೋಸ್ಟಲ್ಲೂ ಕಳಿಸಿ. ಆಮೇಲೆ ಸಿಕ್ಕ ಒಳ್ಳೆ ದರಕ್ಕೆ ಮಾರಿ, ತೂಕದ ಚೀಟಿ ಮತ್ತು ಬಿಲ್ ಇಟ್ಟುಕೊಳ್ಳಿ. 6,200ಕ್ಕೆ ಹೋದರೆ ಕ್ವಿಂಟಲ್‌ಗೆ 800ರಂತೆ 40 ಕ್ವಿಂಟಲ್‌ಗೆ 32,000 ರೂಪಾಯಿ ನಿಮ್ಮ ನಷ್ಟ. ಕೋರ್ಟಲ್ಲಿ ಕೇಳಬೇಕಾದದ್ದು ಅದನ್ನೇ. ಹಟಕ್ಕೆ ಬಿದ್ದು ಮಾಲು ಕೊಳೆಯಲು ಬಿಟ್ಟರೆ, ತಪ್ಪಿಸಬಹುದಾಗಿದ್ದ ನಷ್ಟವನ್ನು ಕೋರ್ಟು ಕೊಡಿಸುವುದಿಲ್ಲ. ದಾವೆ ಹಾಕಲು ಮಾತು ಮುರಿದ ದಿನದಿಂದ 3 ವರ್ಷ ಇದೆ. ಅಷ್ಟು ಕಾಯಬೇಡಿ ಮಾರಾಯ್ರೆ.

ಪ್ರಶ್ನೆ (ಕಾರವಾರದಿಂದ): ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಸುಮ್ಮನಿದ್ದರೆ ಒಪ್ಪಿದ ಹಾಗಲ್ವಾ?

ಉತ್ತರ: ಅಲ್ಲ. ಓದಿದ್ದಾರೆ, ಅಷ್ಟೇ.

ಪ್ರಶ್ನೆ (ಗೋಕರ್ಣದಿಂದ): ಹೋಮ್‌ಸ್ಟೇ ಕರಾರಿಗೆ ‘ಡಿಜಿಟಲ್ ಸಹಿ’ ಮಾಡಿಕೊಡುತ್ತೇನೆಂದು ಒಬ್ಬರು ನನ್ನ ಸಹಿಯ ಫೋಟೋ ತಗೊಂಡು ಪಿಡಿಎಫ್‌ಗೆ ಅಂಟಿಸಿ ದುಡ್ಡು ತಗೊಂಡರು. ಸರಿ ಇದೆಯಾ?

ಉತ್ತರ: ಅದು ಡಿಜಿಟಲ್ ಸಹಿಯಲ್ಲ, ಸಹಿಯ ಚಿತ್ರ. ಕಾನೂನು ಒಪ್ಪುವ ಡಿಜಿಟಲ್ ಸಹಿ ಪರವಾನಗಿ ಇರುವ ಸಂಸ್ಥೆಯ ಪ್ರಮಾಣಪತ್ರದಿಂದ ಬರುತ್ತದೆ, ಇಲ್ಲವೇ ಆಧಾರ್ ಇ-ಸೈನ್‌ನಿಂದ. ನೀವಿಬ್ಬರೂ ಒಪ್ಪಿದ್ದು ನಿಜವಾದರೆ ಕರಾರು ಉಳಿಯುತ್ತದೆ. ಆದರೆ ನಿಮ್ಮ ಸಹಿಯ ಚಿತ್ರ ಈಗ ಬೇರೆಯವರ ಕಂಪ್ಯೂಟರಲ್ಲಿದೆ. ಇವತ್ತೇ ಹೋಗಿ ಎದುರಿಗೇ ಅಳಿಸಲು ಹೇಳಿ. ಇಂಥ ಕೆಲಸಕ್ಕೆ ದುಡ್ಡು ತಗೊಳ್ಳುವುದು ಮೋಸ. ಯಾರಿಗಾದರೂ ಆಧಾರ್ ಒಟಿಪಿ ಹೇಳಿ ‘ಸಹಿ ಮಾಡಿಸಿಕೊಳ್ಳುವ’ ಕೆಲಸ ಮಾತ್ರ ಯಾವತ್ತೂ ಮಾಡಬೇಡಿ.

ಪ್ರಶ್ನೆ (ಜೊಯಿಡಾದಿಂದ): ನಮ್ಮಲ್ಲಿ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್. ದರ ಬರೆದು ಕಳಿಸಿದೆ, ಇನ್ನೂ ಒಂದೇ ಟಿಕ್ ಇದೆ. ಮನಸ್ಸು ಬದಲಾಯಿತು. ವಾಪಸ್ ತಗೊಳ್ಳಬಹುದಾ?

ಉತ್ತರ: ಧಾರಾಳವಾಗಿ. ಎದುರಿನವರಿಗೆ ಗೊತ್ತಾಗುವ ತನಕ ಪ್ರಸ್ತಾಪ ಮುಟ್ಟಿದ ಹಾಗಲ್ಲ. ಅಳಿಸಿ, ಜೊತೆಗೆ ‘ಆ ದರ ರದ್ದು’ ಎಂದು ಇನ್ನೊಂದು ಮೆಸೇಜ್ ಹಾಕಿ.

ಪ್ರಶ್ನೆ (ಅಂಕೋಲಾದಿಂದ): ಜಾಗದ ಮಾತು ವಾಟ್ಸಾಪಲ್ಲೇ ಮುಗಿದಿದೆ, ಮುಂಗಡವೂ ಕೊಟ್ಟಿದ್ದೇನೆ. ಜಾಗ ನನ್ನದಾಯಿತಲ್ಲ?

ಉತ್ತರ: ಆಗಿಲ್ಲ. ನೋಂದಣಿಯಾದ ಕ್ರಯಪತ್ರ ಇಲ್ಲದೆ ಜಾಗ ನಿಮ್ಮದಾಗುವುದಿಲ್ಲ. ಮುಂಗಡ ಕೊಟ್ಟ ಮೆಸೇಜು, ಬ್ಯಾಂಕ್ ದಾಖಲೆ ಇಟ್ಟುಕೊಂಡು ಈ ವಾರವೇ ವಕೀಲರನ್ನು ನೋಡಿ.

ಪ್ರಶ್ನೆ (ಹೊನ್ನಾವರದಿಂದ): ಅಪ್ಪ ಮನೆಯ ಗ್ರೂಪಲ್ಲಿ ಆಸ್ತಿ ಯಾರಿಗೆ ಎಂದು ಬರೆದಿದ್ದಾರೆ. ಅದೇ ಉಯಿಲಾಗುತ್ತಾ?

ಉತ್ತರ: ಆಗುವುದಿಲ್ಲ. ಅಪ್ಪನಿಗೆ ಕಾಗದ, ಪೆನ್ನು ಕೊಡಿ, ಸಹಿ ಹಾಕಲು ಇಬ್ಬರು ಸಾಕ್ಷಿಗಳನ್ನು ಕರೆಯಿರಿ.