ಆಹಾರ ಮತ್ತು ಕೃಷಿ ಕಂಪನಿಗಳನ್ನು ಪರಿಸರಸ್ನೇಹಿ ಮಾಡಲು ಅವುಗಳ ಮುಖ್ಯಸ್ಥರು ಏನು ಮಾಡಬಹುದು?

ಮೊದಲು ಹೊಲದ ಕಡೆ ನೋಡಬೇಕು. ಆಹಾರ ಕಂಪನಿಯ ಲೆಕ್ಕಕ್ಕೆ ಬರುವ ಹಸಿರುಮನೆ ಅನಿಲದ ದೊಡ್ಡ ಪಾಲು ಸಾಮಾನ್ಯವಾಗಿ ಹುಟ್ಟುವುದು ಅದಕ್ಕೆ ಬೆಳೆ, ಹಾಲು, ಮಾಂಸ ಕೊಡುವ ರೈತರ ಜಮೀನಿನಲ್ಲಿ. ಜಾಸ್ತಿ ಸುರಿದ ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡನ್ನೇ ನೋಡಿ. 100 ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ.

ಹಾಗಂತ ರೈತರಿಗೆ ಸುಮ್ನೆ ಷರತ್ತು ಹಾಕಿದರೆ ಸಾಲದು. ಪದ್ಧತಿ ಬದಲಿಸಿದ ಮೊದಲ ಕೆಲವು ವರ್ಷ ಇಳುವರಿ ಕುಸಿಯಬಹುದು. ಆ ನಷ್ಟವನ್ನು ಅವರೊಬ್ಬರೇ ಹೊರುವುದು ನ್ಯಾಯವಲ್ಲ, ಅಲ್ವಾ? ಹಲವು ವರ್ಷಗಳ ಖರೀದಿ ಒಪ್ಪಂದ, ಮುಂಗಡ ಹಣ, ಮಣ್ಣು ಪರೀಕ್ಷೆಗೆ ನೆರವು ಇವನ್ನೆಲ್ಲ ಕಂಪನಿಯೇ ಕೊಡಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಇನ್ನು ಪೋಲು. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಅಂಗಡಿ, ಹೋಟೆಲ್, ಮನೆಗಳಲ್ಲಿ 100 ಕೋಟಿ ಟನ್‌ಗೂ ಹೆಚ್ಚು ಆಹಾರ ಹಾಳಾಯಿತು. ಆಕಾರ ಸರಿಯಿಲ್ಲವೆಂದು ತರಕಾರಿ ತಿರಸ್ಕರಿಸುವ ನಿಯಮವನ್ನು ಸಡಿಲಿಸಬಹುದು.

ಖರೀದಿ ವಿಭಾಗದವರಿಗೆ ಬರೀ ಅಗ್ಗದ ದರ ನೋಡಿ ಬೋನಸ್ ಕೊಡುತ್ತಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ನೀರು ಉಳಿಸಿದ್ದಕ್ಕೆ, ಮಣ್ಣು ಕಾಪಾಡಿದ್ದಕ್ಕೆ ಕೂಡ ಅದರಲ್ಲಿ ಪಾಲಿರಬೇಕು.